ಚುಕ್ಕೆ ಹುಡುಕುವ ಮೊದಲು ಉಸಿರು ಎಣಿಸುತ್ತೇನೆ

ಉಪ್ಪುನೀರಿನ ಅಕ್ವೇರಿಯಂ ಇಟ್ಟವರಲ್ಲಿ ಹೆಚ್ಚಿನವರಿಗೆ ರೋಗ ಬಂದದ್ದು ಗೊತ್ತಾಗುವುದು ಮೀನಿನ ಮೈಮೇಲೆ ಬಿಳಿ ಚುಕ್ಕೆ ಕಂಡಾಗ. ನನಗೆ ಚುಕ್ಕೆಯ ಮೇಲೆ ಅಷ್ಟು ನಂಬಿಕೆಯಿಲ್ಲ. ಬೆಳಿಗ್ಗೆ ತೊಟ್ಟಿಯ ದೀಪ ಹತ್ತಿ ಸ್ವಲ್ಪ ಹೊತ್ತಾದ ಮೇಲೆ, ಆಹಾರ ಹಾಕುವುದಕ್ಕೂ ಮುಂಚೆ, ಗಡಿಯಾರ ಹಿಡಿದು ಕೂತು ಒಂದೊಂದು ಮೀನಿನ ಕಿವಿರಿನ ಮುಚ್ಚಳ ನಿಮಿಷಕ್ಕೆ ಎಷ್ಟು ಸಲ ತೆರೆಯುತ್ತದೆ ಎಂದು ಎಣಿಸುತ್ತೇನೆ. ಟ್ಯಾಂಗ್ ಮೀನಿನ ಲೆಕ್ಕ ಬೇರೆ, ಕ್ಲೌನ್ ಮೀನಿನದು ಬೇರೆ. ಚೆನ್ನಾಗಿದ್ದಾಗಿನ ಲೆಕ್ಕ ಬರೆದಿಟ್ಟುಕೊಂಡಿದ್ದರೆ ಸಾಕು. ಅದು ಒಂದೂವರೆ ಪಟ್ಟು ಆದ ದಿನ ನಾನು ಬೇರೆ ಕೆಲಸ ಬಿಟ್ಟು ಚಿಕಿತ್ಸೆಗೆ ಬಕೆಟ್ ತೊಳೆಯಲು ಶುರುಮಾಡುತ್ತೇನೆ.

ಇದಕ್ಕೆ ಕಾರಣವಿದೆ. ಚರ್ಮದ ಮೇಲೆ ಹುರುಪೆಯೂ ಲೋಳೆಯೂ ಸೇರಿ ಒಂದು ಕವಚ ಇರುತ್ತದೆ, ಕಿವಿರಿಗೆ ಅದಿಲ್ಲ. ತೆಳುವಾದ, ರಕ್ತ ತುಂಬಿದ ಅಂಗಾಂಶ. ನೀರು ಸದಾ ಅದರ ಮೂಲಕವೇ ಹರಿಯುತ್ತದೆ. ನೀರಿನಲ್ಲಿ ತೇಲುತ್ತಾ ಆಸರೆ ಹುಡುಕುವ ಪರಾವಲಂಬಿಗೆ ಇದಕ್ಕಿಂತ ಸುಲಭದ ಬಾಗಿಲು ಬೇರೆ ಸಿಗದು. ವೆಲ್ವೆಟ್ ಎಂಬ ಪರಾವಲಂಬಿ ರೋಗದಲ್ಲಂತೂ ಮೈಮೇಲೆ ಏನೂ ಕಾಣಿಸದೆಯೇ ಮೀನು ಉಸಿರುಗಟ್ಟಿ ಸಾಯುವುದುಂಟು.

ಯಾವ ರೋಗ ಎಂದು ತಿಳಿಯದೆ ಔಷಧಿ ಸುರಿಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ತಾಮ್ರ ಬಿಳಿ ಚುಕ್ಕೆ ರೋಗಕ್ಕೂ ವೆಲ್ವೆಟ್‌ಗೂ ಕೆಲಸ ಮಾಡುತ್ತದೆ, ಬ್ರೂಕ್ಲಿನೆಲ್ಲಾ ಎಂಬ ಮತ್ತೊಂದು ಪರಾವಲಂಬಿಗೆ ಮಾಡುವುದಿಲ್ಲ. ಪ್ರಾಜಿಕ್ವಾಂಟೆಲ್ ಎಂಬ ಔಷಧಿ ಹುಳುಗಳಿಗೆ ಮಾತ್ರ. ಲವಣಾಂಶ ಇಳಿಸಿದರೆ ಬಿಳಿ ಚುಕ್ಕೆ ಹೋಗಬಹುದು, ವೆಲ್ವೆಟ್‌ಗೆ ಅದು ಲೆಕ್ಕಕ್ಕೇ ಇಲ್ಲ. ತಪ್ಪು ಔಷಧಿಯಲ್ಲಿ ಕಳೆದ ಎರಡು ದಿನ ಎಂದರೆ ಎಷ್ಟೋ ಸಲ ಮೀನಿಗೆ ಉಳಿದಿದ್ದ ಎರಡೇ ದಿನ.

ನಾನು ಬೇರ್ಪಡಿಸಿ ನೋಡುವ ಬಗೆ ಹೀಗೆ. ಬಿಳಿ ಚುಕ್ಕೆ ರೋಗ, ಅಂದರೆ ಕ್ರಿಪ್ಟೋಕ್ಯಾರಿಯಾನ್ ಇರಿಟಾನ್ಸ್ ಆಗಿದ್ದರೆ, ಚುಕ್ಕೆಗಳು ಉಪ್ಪಿನ ಹರಳಿನಷ್ಟು ದೊಡ್ಡವು, ಎಣಿಸಬಹುದು. ಇವತ್ತು ರೆಕ್ಕೆಯ ಮೇಲೆ ಇದ್ದವು ಕೆಲವು ದಿನದಲ್ಲಿ ಮಾಯವಾಗುತ್ತವೆ, ‘ವಾಸಿಯಾಯಿತು’ ಅಂದುಕೊಳ್ಳುವಷ್ಟರಲ್ಲಿ ಮೊದಲಿಗಿಂತ ಹೆಚ್ಚಾಗಿ ಮರಳುತ್ತವೆ. ವಾಸಿಯಾಗಿ ಮಾಯವಾದದ್ದಲ್ಲ ಅದು. 3ರಿಂದ 7 ದಿನ ಮೀನಿನ ಚರ್ಮದೊಳಗೆ ತಿಂದು ಬೆಳೆದ ಜೀವಿ ಕೆಳಗಿಳಿದು, ಮರಳಿಗೋ ಕಲ್ಲಿಗೋ ಅಂಟಿ, ತನ್ನ ಸುತ್ತ ಗೂಡಿನಂಥ ಕೋಶ ಕಟ್ಟಿಕೊಂಡಿರುತ್ತದೆ. ಒಂದು ಕೋಶದೊಳಗೆ ನೂರಾರು ಮರಿಗಳು ಹುಟ್ಟಿ ಈಜಿ ಹೊರಬರುತ್ತವೆ. ಒಂದೆರಡು ದಿನದೊಳಗೆ ಮೀನು ಸಿಗದಿದ್ದರೆ ಅವು ಸಾಯುತ್ತವೆ, ಆದರೆ ಮುಚ್ಚಿದ ತೊಟ್ಟಿಯಲ್ಲಿ ಮೀನು ಸಿಗದೇ ಇರುತ್ತದೆಯೇ!

ವೆಲ್ವೆಟ್ ಎಂದರೆ ಅಮೈಲೂಡಿನಿಯಮ್. ಇಲ್ಲಿ ಚುಕ್ಕೆಗಳನ್ನು ಎಣಿಸಲಾಗದು. ಓರೆಯಾಗಿ ಟಾರ್ಚ್ ಹಿಡಿದರೆ ಮೈಮೇಲೆ ನುಣ್ಣನೆಯ ಧೂಳು ಕೂತಂತಿರುತ್ತದೆ. ನಾನು ಧೂಳಿಗಿಂತ ನಡವಳಿಕೆ ನೋಡುತ್ತೇನೆ. ಪವರ್‌ಹೆಡ್ ಎಂಬ ಪಂಪಿನಿಂದ ನೀರು ನುಗ್ಗುವ ಕಡೆ ಮುಖ ಮಾಡಿ ನಿಂತಲ್ಲೇ ಈಜುವುದು, ಬೆಳಕು ಕಂಡರೆ ಮೂಲೆ ಸೇರುವುದು, ನಿನ್ನೆ ಮುಗಿಬಿದ್ದು ತಿಂದ ಮೀನು ಇವತ್ತು ಆಹಾರದತ್ತ ತಿರುಗಿಯೂ ನೋಡದಿರುವುದು: ಈ ಮೂರೂ ಸೇರಿದರೆ ನಾನು ಧೂಳಿಗಾಗಿ ಕಾಯುವುದಿಲ್ಲ. ಬಿಳಿ ಚುಕ್ಕೆ ಯೋಚಿಸಲು ಸಮಯ ಕೊಡುತ್ತದೆ, ವೆಲ್ವೆಟ್ ಕೊಡುವುದಿಲ್ಲ.

ಬ್ರೂಕ್ಲಿನೆಲ್ಲಾ ಹೆಚ್ಚಾಗಿ ಕ್ಲೌನ್ ಮೀನುಗಳಲ್ಲಿ, ಅದರಲ್ಲೂ ಸಮುದ್ರದಿಂದ ಹಿಡಿದು ತಂದವುಗಳಲ್ಲಿ ಕಾಣುತ್ತದೆ. ಚುಕ್ಕೆಯ ಬದಲು ಲೋಳೆ. ಮೈಯಿಂದ ಬಿಳಿ ಪದರ ಬಿಚ್ಚಿಕೊಂಡು ನೇತಾಡುತ್ತದೆ, ಬಣ್ಣ ಮಂಕಾಗುತ್ತದೆ. ಇದಕ್ಕೆ ತಳದಲ್ಲಿ ಕೋಶ ಕಟ್ಟುವ ಹಂತವಿಲ್ಲ. ಮೀನಿನ ಮೇಲೆಯೇ ಎರಡಾಗಿ ಒಡೆದು ಹೆಚ್ಚುತ್ತದೆ. ಹಾಗಾಗಿ ಬೆಳಿಗ್ಗೆ ಸ್ವಲ್ಪ ಎನಿಸಿದ್ದು ಸಂಜೆಗೆ ಮೈಯೆಲ್ಲಾ ಹರಡಿರುತ್ತದೆ.

ಅನುಮಾನ ಉಳಿದರೆ ಮೈಕ್ರೋಸ್ಕೋಪ್. ಶಾಲಾ ಮಕ್ಕಳು ಬಳಸುವಂಥದ್ದೇ ಸಾಕು, 40ರಿಂದ 100 ಪಟ್ಟು ದೊಡ್ಡದಾಗಿ ತೋರಿಸಿದರೆ ಆಯಿತು. ಒದ್ದೆ ಕೈಯಲ್ಲಿ ಮೀನನ್ನು ಹಿಡಿದು, ಗಾಜಿನ ಕವರ್‌ಸ್ಲಿಪ್ಪಿನ ಅಂಚನ್ನು ತಲೆಯಿಂದ ಬಾಲದ ಕಡೆಗೆ ಹಗುರವಾಗಿ ಎಳೆಯುತ್ತೇನೆ. ಬಂದ ಲೋಳೆಯನ್ನು ಅದೇ ತೊಟ್ಟಿಯ ನೀರಿನ ಹನಿಯಲ್ಲಿಟ್ಟು ತಕ್ಷಣ ನೋಡಬೇಕು. ಬಿಳಿ ಚುಕ್ಕೆಯ ಜೀವಿ ದುಂಡಗೆ, ಕಪ್ಪಗೆ, ನಿಧಾನವಾಗಿ ಉರುಳುತ್ತಿರುತ್ತದೆ. ವೆಲ್ವೆಟ್‌ನದು ಚರ್ಮಕ್ಕೆ ಬೇರೂರಿ ಅಲುಗಾಡದೆ ಕೂತ ಕಂದು ಮುದ್ದೆ. ಬ್ರೂಕ್ಲಿನೆಲ್ಲಾ ಮೂತ್ರಪಿಂಡದ ಆಕಾರದಲ್ಲಿ, ಒಂದೆಡೆ ರೋಮಗಳನ್ನು ಆಡಿಸುತ್ತಾ ಜಾರುತ್ತದೆ. ಸತ್ತ ಮೀನಾದರೆ ಕಿವಿರಿನ ತುಣುಕು ತೆಗೆದು ನೋಡಬಹುದು, ಆದರೆ ಸತ್ತ ಕೂಡಲೇ. ತಡಮಾಡಿದರೆ ಪರಾವಲಂಬಿಗಳು ಇಳಿದು ಹೋಗಿರುತ್ತವೆ, ಕೊಳೆಸುವ ಜೀವಿಗಳಷ್ಟೇ ಸಿಗುತ್ತವೆ.

ಫ್ಲೂಕ್ ಎಂಬ ಚಪ್ಪಟೆ ಹುಳುಗಳು ಪಾರದರ್ಶಕ. ಕೆಲವು ಮಿಲಿಮೀಟರ್ ಉದ್ದವಿದ್ದರೂ ಮೀನಿನ ಮೈಮೇಲೆ ಕಾಣುವುದೇ ಇಲ್ಲ. ಮೀನು ತಲೆ ಒದರುವುದು, ಕಲ್ಲಿಗೆ ಮೈ ಉಜ್ಜುವುದು, ಒಂದು ಕಣ್ಣು ಮಂಜಾಗುವುದು ಸುಳಿವು. ಆಗ ನಾನು ಸಿಹಿನೀರಿನ ಸ್ನಾನ ಮಾಡಿಸುತ್ತೇನೆ. ಆರ್‌ಒ ನೀರಿನ ಉಷ್ಣತೆಯನ್ನು ತೊಟ್ಟಿಗೆ ಹೊಂದಿಸಿ, ಅಡುಗೆ ಸೋಡಾ ಹಾಕಿ ಪಿಎಚ್ ಸರಿಮಾಡಿ, ಗಾಳಿ ಬಿಟ್ಟು, ಕಪ್ಪು ತಳದ ಬಕೆಟ್ಟಿನಲ್ಲಿ 5 ನಿಮಿಷ. ಸಿಹಿನೀರು ತಾಗಿದ ಹುಳುಗಳು ಬೆಳ್ಳಗಾಗಿ ಉದುರುತ್ತವೆ. ಬಕೆಟ್ಟಿನ ತಳದಲ್ಲಿ ಎಳ್ಳು ಚೆಲ್ಲಿದ ಹಾಗೆ ಕಂಡರೆ ಪರೀಕ್ಷೆಯೂ ಆಯಿತು, ಮೀನಿಗೆ ಅಷ್ಟು ಹಗುರವೂ ಆಯಿತು. ಸ್ನಾನದಲ್ಲಿ ಮೀನು ಕೆಲ ಕ್ಷಣ ಒಂದು ಪಕ್ಕಕ್ಕೆ ಮಲಗಿಬಿಡಬಹುದು, ಮೊದಲ ಸಲ ನೋಡುವವರಿಗೆ ಎದೆ ಧಸಕ್ಕೆನ್ನುತ್ತದೆ. ತಾಳಲಾರದೆ ಒದ್ದಾಡಿದರೆ 5 ನಿಮಿಷ ಕಾಯಬಾರದು, ತೆಗೆಯಬೇಕು.

ರೆಕ್ಕೆಯ ಅಂಚಿನಲ್ಲಿ ಹೂಕೋಸಿನ ತುಣುಕಿನಂಥ ಗಂಟು ವಾರಗಟ್ಟಲೆ ಇದ್ದಲ್ಲೇ ಇದ್ದರೆ ಅದು ಪರಾವಲಂಬಿಯಲ್ಲ, ಲಿಂಫೋಸಿಸ್ಟಿಸ್ ಎಂಬ ವೈರಸ್. ಔಷಧಿ ಇಲ್ಲ, ಬೇಕಾಗಿಯೂ ಇಲ್ಲ.

ಇನ್ನು ಚಿಕಿತ್ಸೆ. ಹವಳ, ಸಿಗಡಿ, ಬಸವನಹುಳು ಇರುವ ತೊಟ್ಟಿಗೆ ತಾಮ್ರ ಹಾಕುವಂತಿಲ್ಲ, ಅವು ಸಾಯುತ್ತವೆ. ಮೇಲಾಗಿ ಕಲ್ಲು, ಮರಳು ತಾಮ್ರವನ್ನು ಹೀರಿಕೊಂಡು ಪ್ರಮಾಣ ನಿಲ್ಲಲು ಬಿಡುವುದಿಲ್ಲ. ಆದ್ದರಿಂದ ಬರಿಗಾಜಿನ ಬೇರೆ ತೊಟ್ಟಿ: ಹೀಟರ್, ಸ್ಪಾಂಜ್ ಫಿಲ್ಟರ್, ಏರ್ ಸ್ಟೋನ್, ಅಡಗಲು ಪಿವಿಸಿ ಪೈಪಿನ ತುಂಡುಗಳು. ಎಲ್ಲ ಮೀನುಗಳೂ ಹೋಗಬೇಕು, ಚೆನ್ನಾಗಿ ಕಾಣುವವೂ ಸೇರಿ. ಈ ತೊಟ್ಟಿಯನ್ನು ದೊಡ್ಡದರಿಂದ ಮೂರು ಮೀಟರಿನಷ್ಟು ದೂರ ಇಡುತ್ತೇನೆ, ಏಕೆಂದರೆ ವೆಲ್ವೆಟ್ ಜೀವಿಗಳು ಗುಳ್ಳೆ ಒಡೆದ ತುಂತುರಿನಲ್ಲೂ ಪಕ್ಕದ ತೊಟ್ಟಿಗೆ ಹಾರಬಲ್ಲವು.

ತಾಮ್ರದಲ್ಲಿ ಎರಡು ಬಗೆ. ಕಾಪರ್ ಸಲ್ಫೇಟಿನ ಬಿಡಿ ತಾಮ್ರಕ್ಕೆ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ. ಕೀಲೇಟ್ ಮಾಡಿದ, ಅಂದರೆ ಬೇರೊಂದು ಅಣುವಿಗೆ ಕಟ್ಟಿಹಾಕಿದ ತಾಮ್ರಕ್ಕೆ ಅದರ ಹತ್ತು ಪಟ್ಟಿಗೂ ಹೆಚ್ಚು, ನಾನು 2ರಿಂದ 2.5ರ ನಡುವೆ ಇಡುತ್ತೇನೆ. ಒಂದರ ಅಳತೆಯಲ್ಲಿ ಇನ್ನೊಂದನ್ನು ಹಾಕಿದರೆ ಕಥೆ ಮುಗಿಯಿತು. ಬಾಟಲಿಯ ಮೇಲಿನ ಬರಹ ಓದದೆ ಮುಚ್ಚಳ ತೆರೆಯಬೇಡಿ. ಬಣ್ಣ ಹೋಲಿಸಿ ನೋಡುವ ಟೆಸ್ಟ್ ಕಿಟ್ಟುಗಳಲ್ಲಿ ಕಣ್ಣಿಗೆ ತೋಚಿದ್ದೇ ಉತ್ತರ, ಹಾಗಾಗಿ ಅಂಕಿ ತೋರಿಸುವ ಡಿಜಿಟಲ್ ಕಲರಿಮೀಟರ್ ಬಳಸುತ್ತೇನೆ. ಬಿಳಿ ಚುಕ್ಕೆಯಾದರೆ ಮೂರ್ನಾಲ್ಕು ದಿನದಲ್ಲಿ ಮೆಲ್ಲಗೆ ಏರಿಸುವುದು, ವೆಲ್ವೆಟ್ ಆದರೆ ಬೇಗ. ಕುಬ್ಜ ಏಂಜೆಲ್‌ಗಳು, ಕೆಲವು ಟ್ಯಾಂಗ್‌ಗಳು ತಾಮ್ರದಲ್ಲಿ ಊಟ ಬಿಡುತ್ತವೆ, ಆಗ ಏರಿಸುವುದನ್ನು ಒಂದು ದಿನ ನಿಲ್ಲಿಸುತ್ತೇನೆ.

ತಾಮ್ರ ಕೊಲ್ಲುವುದು ನೀರಿನಲ್ಲಿ ಈಜುವ ಮರಿಗಳನ್ನು ಮಾತ್ರ. ಚರ್ಮದೊಳಗೆ ಹುದುಗಿದ್ದಕ್ಕೂ ತಳದ ಕೋಶಕ್ಕೂ ಅದು ತಟ್ಟುವುದಿಲ್ಲ. ಅದಕ್ಕೇ ಔಷಧಿ ಹಾಕಿದ ಮೂರನೆಯ ದಿನವೂ ಚುಕ್ಕೆ ಇರುತ್ತದೆ, ‘ಇದು ಕೆಲಸ ಮಾಡುತ್ತಿಲ್ಲ’ ಎಂದು ಔಷಧಿ ಬದಲಿಸುವವರು ಕೆಡುವುದು ಇಲ್ಲೇ. 30 ದಿನ ಪ್ರಮಾಣ ಇಳಿಯಬಾರದು. ಒಂದು ದಿನ ಇಳಿದರೂ ಮತ್ತೆ ಒಂದರಿಂದ ಎಣಿಕೆ.

ಈ ಬರಿಗಾಜಿನ ತೊಟ್ಟಿಯಲ್ಲಿ ಪರಾವಲಂಬಿಯಷ್ಟೇ ಮೀನಿನ ತ್ಯಾಜ್ಯದಿಂದ ಹುಟ್ಟುವ ಅಮೋನಿಯಕ್ಕೂ ಹೆದರಬೇಕು. ಆದರೆ ತಾಮ್ರ ಇರುವ ನೀರಿಗೆ ಅಮೋನಿಯ ಕಟ್ಟಿಹಾಕುವ ದ್ರಾವಣಗಳನ್ನು ಬೆರೆಸಬಾರದು. ಅವುಗಳಲ್ಲಿ ಹಲವು ತಾಮ್ರವನ್ನು ಹೆಚ್ಚು ವಿಷಕಾರಿ ರೂಪಕ್ಕೆ ತಿರುಗಿಸುತ್ತವೆ. ಉಳಿಯುವ ದಾರಿ ನೀರು ಬದಲಿಸುವುದೊಂದೇ. ಹೊಸ ನೀರಿಗೆ ಮೊದಲೇ ಅದೇ ಪ್ರಮಾಣದ ತಾಮ್ರ ಬೆರೆಸಿಟ್ಟುಕೊಂಡಿರುತ್ತೇನೆ.

ಔಷಧಿ ಬೇಡವೆನ್ನುವವರಿಗೆ ಬಿಳಿ ಚುಕ್ಕೆಗೆ ಮಾತ್ರ ಒಂದು ಒಳ್ಳೆಯ ಉಪಾಯವಿದೆ. ಪ್ರತಿ 72 ಗಂಟೆಗೊಮ್ಮೆ, ನಾಲ್ಕು ಸಲ, ಮೀನನ್ನು ಪೂರ್ತಿ ಒಣಗಿಸಿದ ಬೇರೆ ತೊಟ್ಟಿಗೆ ಹೊಸ ನೀರಿನಲ್ಲಿ ವರ್ಗಾಯಿಸುವುದು. ಇಳಿದ ಕೋಶಗಳು ಒಡೆಯುವ ಮೊದಲೇ ಮೀನು ಅಲ್ಲಿಂದ ಎದ್ದು ಹೋಗಿರುತ್ತದೆ. ಸಣ್ಣ, ಗಟ್ಟಿ ಮೀನುಗಳಿಗೆ ನಾನು ಇದನ್ನೇ ಮಾಡುತ್ತೇನೆ. ಉಪ್ಪು ಕಡಿಮೆ ಮಾಡಿ ನೀರಿನ ಸಾಪೇಕ್ಷ ಸಾಂದ್ರತೆಯನ್ನು 1.009ಕ್ಕೆ ಇಳಿಸಿ 30 ದಿನ ಇಡುವ ಕ್ರಮವೂ ಇದೆ. ಆದರೆ ಕಡಿಮೆ ಉಪ್ಪನ್ನು ತಾಳುವ ಪರಾವಲಂಬಿ ತಳಿಗಳು ಸಿಕ್ಕಿರುವುದರಿಂದ ನಾನು ಅದರ ಮೇಲೆ ಭಾರ ಹಾಕುವುದಿಲ್ಲ.

ಬ್ರೂಕ್ಲಿನೆಲ್ಲಾಕ್ಕೆ ಫಾರ್ಮಲಿನ್, ಅಂದರೆ ಫಾರ್ಮಾಲ್ಡಿಹೈಡ್ ಕರಗಿದ ನೀರಿನ ಸ್ನಾನ. 37 ಶೇಕಡಾ ದ್ರಾವಣವನ್ನು ಲೀಟರಿಗೆ 0.15ರಿಂದ 0.2 ಮಿಲಿಲೀಟರಿನಂತೆ ಬೆರೆಸಿ, ಜೋರಾಗಿ ಗಾಳಿ ಬಿಟ್ಟು, 30ರಿಂದ 45 ನಿಮಿಷ, ಪಕ್ಕದಲ್ಲೇ ಕೂತು. ಮುಗಿದ ಮೇಲೆ ಹಳೆಯ ತೊಟ್ಟಿಗೆ ಬಿಡದೆ ಹೊಸದಕ್ಕೆ ಬಿಡಬೇಕು, ಬೇಕಾದರೆ ಒಂದು ದಿನ ಬಿಟ್ಟು ಮತ್ತೊಮ್ಮೆ. ಬಾಟಲಿಯ ತಳದಲ್ಲಿ ಬಿಳಿ ಗಸಿ ಕೂತಿದ್ದರೆ ಆ ಫಾರ್ಮಲಿನ್ ಬಳಸಬಾರದು. ಇದು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತು. ಕೈಗವಸು, ಕನ್ನಡಕ, ತೆರೆದ ಕಿಟಕಿ ಇಲ್ಲದೆ ನಾನು ಮುಟ್ಟುವುದಿಲ್ಲ.

ಫ್ಲೂಕ್‌ಗಳಿಗೆ ಪ್ರಾಜಿಕ್ವಾಂಟೆಲ್, ಲೀಟರಿಗೆ 2.5 ಮಿಲಿಗ್ರಾಂ. ಸುಲಭಕ್ಕೆ ಕರಗದ ಪುಡಿ. ಹುಳು ಸಾಯುತ್ತದೆ, ಮೊಟ್ಟೆ ಸಾಯುವುದಿಲ್ಲ. ಆ ಮೊಟ್ಟೆಗಳಿಗೆ ದಾರದಂಥ ಎಳೆಗಳಿದ್ದು ಬಲೆಗೂ ಪೈಪಿಗೂ ಸಿಕ್ಕಿಕೊಳ್ಳುತ್ತವೆ. ಅವು ಒಡೆದು ಬೆಳೆಯುವ ಮೊದಲು, ಸುಮಾರು ಒಂದು ವಾರಕ್ಕೆ, ಎರಡನೆಯ ಸಲ ಹಾಕಲೇಬೇಕು.

ಯುರೋನೀಮಾ ಎಂಬ ಇನ್ನೊಂದು ಪರಾವಲಂಬಿಯ ಬಗ್ಗೆ ಹೇಳಲು ಹೆಚ್ಚಿಲ್ಲ. ಕ್ರೋಮಿಸ್ ಮೀನಿನ ಪಕ್ಕೆಯಲ್ಲಿ ಕೆಂಪು ಹುಣ್ಣು ಕಂಡಾಗ ಅದು ಆಗಲೇ ಮಾಂಸದೊಳಗೆ ಇಳಿದಿರುತ್ತದೆ. ಆರಂಭದಲ್ಲೇ ಫಾರ್ಮಲಿನ್ ಸಿಕ್ಕಿದ ಮೀನು ಉಳಿಯಬಹುದು, ತಡವಾದದ್ದು ಉಳಿಯುವುದು ಅಪರೂಪ.

ಬೆಳ್ಳುಳ್ಳಿ ರಸದಲ್ಲಿ ನೆನೆಸಿದ ಆಹಾರ ಕೊಡಿ, ಕ್ಲೀನರ್ ಸಿಗಡಿ ಬಿಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಬೆಳ್ಳುಳ್ಳಿಯಿಂದ ಮೀನು ಎರಡು ತುತ್ತು ಹೆಚ್ಚು ತಿಂದೀತು. ಚರ್ಮದ ಒಳಗಿರುವ ಜೀವಿಯನ್ನು ಸಿಗಡಿ ಹೇಗೆ ಕಿತ್ತುತೆಗೆದೀತು?

ಇಷ್ಟು ಹೊತ್ತು ದೊಡ್ಡ ತೊಟ್ಟಿ ಮೀನಿಲ್ಲದೆ ಖಾಲಿ ಇರಬೇಕು. ಬಿಳಿ ಚುಕ್ಕೆಗೆ ನಾನು 76 ದಿನ ಕಾಯುತ್ತೇನೆ, ಕೋಶವೊಂದು ಒಡೆಯಲು 72 ದಿನ ತೆಗೆದುಕೊಂಡ ದಾಖಲೆ ಇದೆ. ನೀರು ಬೆಚ್ಚಗಿದ್ದರೆ ಕಡಿಮೆ ದಿನ ಸಾಕೆನ್ನುವವರಿದ್ದಾರೆ, ನನಗೆ ಆ ಅವಸರವಿಲ್ಲ. ಆ ಅವಧಿಯಲ್ಲಿ ಫಿಲ್ಟರಿನ ಬ್ಯಾಕ್ಟೀರಿಯಾ ಹಸಿದು ಕುಗ್ಗದಿರಲು ಒಂದು ಚಿಟಿಕೆ ಆಹಾರವನ್ನು ಖಾಲಿ ತೊಟ್ಟಿಗೂ ಹಾಕುತ್ತಿರಬೇಕು. ಎರಡೂ ತೊಟ್ಟಿಗಳಿಗೆ ಬಲೆ, ಬಕೆಟ್, ಕೈ ಒರೆಸುವ ಬಟ್ಟೆ ಬೇರೆ ಬೇರೆ. ಹವಳಕ್ಕೂ ಬಸವನಹುಳುವಿಗೂ ಈ ರೋಗ ತಗುಲುವುದಿಲ್ಲ ನಿಜ, ಆದರೆ ಅವುಗಳ ಕಲ್ಲಿನ ಮೇಲೆ, ಚಿಪ್ಪಿನ ಮೇಲೆ ಕೋಶ ಅಂಟಿ ಬರಬಹುದು. ಹೊಸದಾಗಿ ತಂದ ಹವಳದ ತುಂಡನ್ನೂ ನಾನು ಮೀನಿಲ್ಲದ ಸಣ್ಣ ತೊಟ್ಟಿಯಲ್ಲಿ ಅಷ್ಟೇ ದಿನ ಇಟ್ಟು ಆಮೇಲೆ ಒಳಗೆ ಬಿಡುತ್ತೇನೆ.