ಕವಲಿನಲ್ಲಿ ನಿಲ್ಲುವ ಫಲಕ

ಪುಣೆಯ ಒಂದು ವಿಶ್ವವಿದ್ಯಾಲಯದ ಆವರಣಕ್ಕೆ ದಾರಿ ತೋರುವ ಫಲಕಗಳನ್ನು ರೂಪಿಸುವ ಕೆಲಸವನ್ನು ನಾನು ಒಪ್ಪಿಕೊಂಡಾಗ ಅಲ್ಲಿ ಫಲಕಗಳಿಗೆ ಕೊರತೆಯಿರಲಿಲ್ಲ. ಪ್ರತಿ ವಿಭಾಗವೂ ತನಗೆ ಒಪ್ಪಿದ ಬಣ್ಣದಲ್ಲಿ, ತನಗೆ ಸಿಕ್ಕ ಜಾಗದಲ್ಲಿ ತನ್ನ ಹೆಸರನ್ನು ಹಾಕಿಕೊಂಡಿತ್ತು. ಮುಖ್ಯ ದ್ವಾರದ ದೊಡ್ಡ ಹಲಗೆಯಲ್ಲಂತೂ ಎಲ್ಲ ವಿಭಾಗಗಳ ಹೆಸರುಗಳೂ ಬಾಣಗಳ ಸಮೇತ ಒತ್ತೊತ್ತಾಗಿ ತುಂಬಿದ್ದವು. ಆದರೂ ಹೊಸಬರು ಅದರತ್ತ ಒಮ್ಮೆ ನೋಡಿ, ಕೂಡಲೇ ಕಾವಲುಗಾರರ ಕಡೆಗೆ ತಿರುಗುತ್ತಿದ್ದರು.

ಹಾಗಾಗಿ ಅಕ್ಷರ, ಬಣ್ಣಗಳ ಯೋಚನೆಗೆ ಹೋಗುವ ಮೊದಲು, ಪ್ರವೇಶಾತಿಯ ಗದ್ದಲದ ದಿನಗಳಲ್ಲಿ ದ್ವಾರದ ಬಳಿ ನಿಂತು ಕಾವಲುಗಾರರು ದಾರಿ ಹೇಳುವ ರೀತಿಯನ್ನು ಕೇಳಿಸಿಕೊಂಡೆ. ಅವರಲ್ಲೊಬ್ಬರು ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು.

"ಕಾಕಾ, ಪರೀಕ್ಷಾ ವಿಭಾಗ ಎಲ್ಲಿ ಅಂತ ಕೇಳಿದವರಿಗೆ ಏನು ಹೇಳ್ತೀರಿ?" ಎಂದೆ.

"ಪೂರಾ ದಾರಿ ಹೇಳೂದಿಲ್ರಿ ಅಕ್ಕಾರ. ಆಲದ ಗಿಡದ ಮಟ ನೆಟ್ಟಗ ಹೋಗ್ರಿ, ಅಲ್ಲಿ ಮತ್ತ ಕೇಳ್ರಿ ಅಂತೀನಿ. ಎಲ್ಲಾ ಒಮ್ಮೆಲೇ ಹೇಳಿದ್ರ ಯಾರ ತಲ್ಯಾಗೂ ಉಳಿಯೂದಿಲ್ಲ."

ನನ್ನ ಇಡೀ ಯೋಜನೆ ಈ ಮಾತಿನ ಮೇಲೆಯೇ ನಿಂತಿತು. ಆವರಣದ ನಕ್ಷೆಯಲ್ಲಿ, ನಡೆಯುವವನು ಎಡಕ್ಕೋ ಬಲಕ್ಕೋ ಎಂದು ತೀರ್ಮಾನಿಸಲೇಬೇಕಾದ ಕವಲುಗಳನ್ನು ಮಾತ್ರ ಗುರುತಿಸಿ, ಪ್ರತಿ ಕವಲಿನಲ್ಲಿಯೂ ಅಲ್ಲಿಯ ತೀರ್ಮಾನಕ್ಕೆ ಬೇಕಾದಷ್ಟನ್ನೇ ಬರೆಯುವುದೆಂದು ನಿಶ್ಚಯಿಸಿದೆ. ದ್ವಾರದಲ್ಲಿ ಆಡಳಿತ, ವಿಜ್ಞಾನ, ಕಲೆ, ವಸತಿ ಎಂಬ ವಲಯಗಳು. ವಲಯದೊಳಗೆ ಕಾಲಿಟ್ಟ ಮೇಲೆ ಕಟ್ಟಡಗಳು. ವಿಭಾಗಗಳ ಹೆಸರು ಕಟ್ಟಡದ ಬಾಗಿಲಲ್ಲಿ. ಕವಲಿಲ್ಲದ ಉದ್ದ ರಸ್ತೆಯಲ್ಲಿ ನಡೆಯುವವರಿಗೆ ದಾರಿ ತಪ್ಪಿತೇನೋ ಎಂಬ ಅಳುಕು ಹುಟ್ಟುವುದರಿಂದ, ನಡುವೆ ಅದೇ ವಲಯದ ಬಣ್ಣದ ಚಿಕ್ಕ ಕಂಬವೊಂದನ್ನು ನೆಡಿಸಿದೆ. ತಮ್ಮ ವಿಭಾಗದ ಹೆಸರು ದ್ವಾರದಲ್ಲೇ ಕಾಣಬೇಕೆಂದು ಮುಖ್ಯಸ್ಥರು ಪಟ್ಟು ಹಿಡಿದದ್ದು ಸಹಜವೇ. ಹಳೆಯ ಹಲಗೆಯ ಮುಂದೆ ಅವರನ್ನೇ ನಿಲ್ಲಿಸಿ, ಬೇರೊಂದು ವಿಭಾಗದ ಹೆಸರನ್ನು ಹುಡುಕಲು ಕೋರಿದ ಮೇಲೆ ಆ ಚರ್ಚೆ ಬೇಗ ಮುಗಿಯಿತು.

ಮಹಾರಾಷ್ಟ್ರದಲ್ಲಿ ಮರಾಠಿ ಮೊದಲು, ಇಂಗ್ಲಿಷ್ ನಂತರ. ಎರಡಕ್ಕೂ ಒಂದೇ ಪಾಯಿಂಟ್ ಅಳತೆ ಕೊಟ್ಟರೆ ದೇವನಾಗರಿ ಸಣ್ಣದಾಗಿ ಕಾಣುತ್ತದೆ, ಏಕೆಂದರೆ ಅಕ್ಷರಗಳ ತಲೆಗೆ ಎಳೆಯುವ ಅಡ್ಡಗೆರೆಯಾದ ಶಿರೋರೇಖೆಯ ಮೇಲೆಯೂ ಅಕ್ಷರದ ಕೆಳಗೆಯೂ ಮಾತ್ರೆಗಳಿಗೆ, ಅಂದರೆ ಸ್ವರಚಿಹ್ನೆಗಳಿಗೆ, ಸ್ಥಳ ಬೇಕು. ಹಾಗಾಗಿ ಅಳತೆಯನ್ನು ಕಂಪ್ಯೂಟರಿಗೆ ಬಿಡದೆ ಕಣ್ಣಿನಿಂದಲೇ ಹೊಂದಿಸಬೇಕಾಯಿತು. ಅನೇಕ ಫಾಂಟ್‌ಗಳಲ್ಲಿ ಲ, ಶ ಅಕ್ಷರಗಳು ತಾವಾಗಿಯೇ ಹಿಂದಿಯ ರೂಪದಲ್ಲಿ ಮೂಡುತ್ತವೆ. ಭಾಷೆಯನ್ನು ಮರಾಠಿ ಎಂದು ನಮೂದಿಸಿದರೆ ಮಾತ್ರ ಮರಾಠಿಗರು ಬರೆಯುವ ರೂಪ ಬರುತ್ತದೆ. ಮೆಟ್ಟಿಲುಗಳ ಬಳಿ ಹಾಕುವ ‘ಪಾಯರ‍್ಯಾ’ ಎಂಬ ಪದದಲ್ಲಿ ಅರ್ಧ ರಕಾರವು ಕಣ್ಣಿನ ರೆಪ್ಪೆಯಂತೆ ಬಾಗಿ ಯಕಾರಕ್ಕೆ ತಾಗಬೇಕು, ತಲೆಯ ಮೇಲೇರುವ ರೇಫವಾಗಬಾರದು. ಇದನ್ನು ಸಣ್ಣ ವಿಷಯವೆಂದು ನಾನು ಎಂದೂ ಭಾವಿಸಿಲ್ಲ. ತಮ್ಮ ನೆಲದಲ್ಲಿ ತಮ್ಮ ಅಕ್ಷರ ಕೆಟ್ಟು ಕಂಡರೆ ಆಗುವ ನೋವು ಕನ್ನಡಿಗರಾದ ನಮಗೂ ಗೊತ್ತು.

ಗಾತ್ರವನ್ನು ಓದುವ ದೂರ ತೀರ್ಮಾನಿಸುತ್ತದೆ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಬರುವ ಸ್ಕೂಟರ್ ಒಂದು ಸೆಕೆಂಡಿಗೆ 8 ಮೀಟರಿಗಿಂತ ಹೆಚ್ಚು ಸಾಗಿಬಿಡುತ್ತದೆ. ರಸ್ತೆಯ ಫಲಕದಲ್ಲಿ ಐದು ಸಾಲಿಗಿಂತ ಹೆಚ್ಚು ಬರೆದರೆ ಓದಿ ಮುಗಿಯುವ ಮೊದಲೇ ತಿರುವು ಹಿಂದೆ ಉಳಿಯುತ್ತದೆ. ನಿಜಗಾತ್ರದ ಮಾದರಿಗಳನ್ನು ಕಾಗದದಲ್ಲಿ ಮುದ್ರಿಸಿ ರಟ್ಟಿಗೆ ಅಂಟಿಸಿ, ಕಂಬ ನಿಲ್ಲುವ ಜಾಗದಲ್ಲೇ ಇಟ್ಟು ನೋಡಿದೆವು. ಸ್ಥಳಗಳನ್ನು ಜುಲೈನ ಮಳೆಯಲ್ಲಿಯೇ ಅಂತಿಮಗೊಳಿಸಬೇಕೆಂಬುದು ನನ್ನ ಹಟವಾಗಿತ್ತು, ಏಕೆಂದರೆ ಬೇಸಿಗೆಯಲ್ಲಿ ಬೋಳಾಗಿ ಕಾಣುವ ರಸ್ತೆಬದಿಯು ಮಳೆಗಾಲದಲ್ಲಿ ಎದೆಯೆತ್ತರದ ಹಸಿರಿನಲ್ಲಿ ಮುಚ್ಚಿಹೋಗುತ್ತದೆ. ಬಿಸಿಲಿಗೆ ಫಲಕಗಳ ಮೇಲೆ ಅಂಟಿಸುವ ಕೆಂಪು ವಿನೈಲ್ ಹಾಳೆ ಬೇಗ ಮಾಸುವುದರಿಂದ ಬಾಣಗಳಿಗೆ ಕೆಂಪನ್ನು ಬಳಸಲಿಲ್ಲ.

ನಕ್ಷೆಯ ಫಲಕಗಳ ವಿಷಯದಲ್ಲಿ ನಾನು ಯಾರಿಗೂ ಮಣಿಯಲಿಲ್ಲ. ಉತ್ತರ ದಿಕ್ಕು ಸದಾ ಮೇಲಿರಬೇಕೆಂಬುದು ಪುಸ್ತಕದ ನಕ್ಷೆಗೆ ಸರಿ. ನಿಂತು ಓದುವವರಿಗಾದರೋ ಕಣ್ಣೆದುರು ಇರುವುದೇ ನಕ್ಷೆಯ ಮೇಲ್ಭಾಗದಲ್ಲಿರಬೇಕು. ಆದ್ದರಿಂದ ಒಂದೇ ನಕ್ಷೆಯನ್ನು ಒಂದೊಂದು ಕಂಬಕ್ಕೂ ತಿರುಗಿಸಿ ಮುದ್ರಿಸಿದೆವು, ಅಳವಡಿಸುವವರು ಅದಲುಬದಲು ಮಾಡದಂತೆ ಪ್ರತಿ ಹಾಳೆಯ ಬೆನ್ನಿಗೆ ಕಂಬದ ಸಂಖ್ಯೆ ಬರೆದೆವು. ಕಾಕಾ ಹೇಳುವ ಆಲದ ಮರ, ನೀರಿನ ಟಾಂಕಿ, ಕ್ಯಾಂಟೀನ್ ಮೂರೂ ಅದರಲ್ಲಿ ಚಿತ್ರರೂಪದಲ್ಲಿವೆ.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಬಂದ ಮೇಲೂ, ಗಾಲಿಕುರ್ಚಿಯಲ್ಲಿ ಬರುವವರಿಗೆ ಮೆಟ್ಟಿಲಿನ ಎದುರು ಬಂದ ಮೇಲಷ್ಟೇ ಇಳಿಜಾರಿನ ದಾರಿ ಬೇರೆಡೆ ಇದೆಯೆಂದು ತಿಳಿಯುವ ಸ್ಥಿತಿ ಎಷ್ಟೋ ಕಡೆ ಇದೆ. ಮೆಟ್ಟಿಲಿಲ್ಲದ ದಾರಿಯ ಗುರುತನ್ನು ನಾವು ಹಿಂದಿನ ಕವಲಿನಲ್ಲೇ ಹಾಕಿದೆವು. ಬ್ರೈಲ್ ಪಟ್ಟಿಗಳನ್ನು ರಸ್ತೆಯ ಕಂಬಗಳ ಮೇಲಲ್ಲ, ಕೈಗೆ ಖಚಿತವಾಗಿ ಸಿಗುವಂತೆ ಬಾಗಿಲುಗಳ ಪಕ್ಕದಲ್ಲಿ, ಎಲ್ಲೆಡೆ ಒಂದೇ ಎತ್ತರದಲ್ಲಿ ಕೂರಿಸಿದೆವು.

ವಿಭಾಗಗಳು ಸ್ಥಳಾಂತರವಾಗುತ್ತಲೇ ಇರುವುದರಿಂದ ಪ್ರತಿ ಹೆಸರನ್ನೂ ಬಿಚ್ಚಿ ತೆಗೆಯಬಹುದಾದ ಬಿಡಿ ಅಲ್ಯೂಮಿನಿಯಂ ಪಟ್ಟಿಯ ಮೇಲೆ ಬರೆಸಿದ್ದೇನೆ. ಕಂಬಗಳ ಸಂಖ್ಯೆ, ಅಳತೆ, ಫಾಂಟ್ ಮತ್ತು ಬಣ್ಣದ ವಿವರಗಳಿರುವ ಕಡತವನ್ನು ಕಟ್ಟಡ ನಿರ್ವಹಣೆ ನೋಡಿಕೊಳ್ಳುವ ಒಬ್ಬರೇ ಅಧಿಕಾರಿಗೆ ಒಪ್ಪಿಸಿ, ಅವರ ಸಹಿಯಿಲ್ಲದೆ ಯಾವ ಹೊಸ ಫಲಕವೂ ಏಳಕೂಡದೆಂಬ ಷರತ್ತನ್ನು ಹಸ್ತಾಂತರ ಪತ್ರದಲ್ಲೇ ಸೇರಿಸಿದೆ.