ಸ್ಲ್ಯಾಬ್ ಹಾಕುವ ಮುನ್ನ ಸರಳಿನ ಜಾಗ ನೋಡಿ

ಹುಬ್ಬಳ್ಳಿ-ಧಾರವಾಡದಲ್ಲಿ ಮನೆ ಕಟ್ಟಿಸುವವರು ಮೊದಲು ಕೇಳುವುದು, 'ಎಷ್ಟು ಟನ್ ಕಬ್ಬಿಣ ಬೇಕಾದೀತು?' ಆ ಲೆಕ್ಕ ಎಂಜಿನಿಯರ್ ಕೊಟ್ಟ ಡ್ರಾಯಿಂಗ್‌ನಲ್ಲಿ ಇರುತ್ತದೆ. ಕಬ್ಬಿಣ ಎಲ್ಲಿ ಕೂತಿದೆ ಎನ್ನುವುದನ್ನು ಮಾತ್ರ ಮಾಲೀಕರೇ ನಿಂತು ನೋಡಬೇಕು.

ಕಾಂಕ್ರೀಟ್ ಒತ್ತಿದರೆ ಚೆನ್ನಾಗಿ ತಡೆಯುತ್ತದೆ, ಎಳೆದರೆ ಬಿರಿಯುತ್ತದೆ. ಎಳೆತ ಹೊರುವುದು ಸರಳಿನ ಕೆಲಸ. ಎರಡು ಗೋಡೆಗಳ ಮೇಲೆ ಕೂತ ಸ್ಲ್ಯಾಬ್ ಭಾರಕ್ಕೆ ಕೆಳಗೆ ಬಾಗುತ್ತದೆ. ಹಾಗಾಗಿ ಎಳೆತ ಅಡಿಭಾಗದಲ್ಲಿ, ಮುಖ್ಯ ಸರಳೂ ಅಲ್ಲೇ. ಸಜ್ಜಾ, ಬಾಲ್ಕನಿ ಇದಕ್ಕೆ ಪೂರ್ತಿ ಉಲ್ಟಾ. ಅವುಗಳ ತುದಿ ಕೆಳಗೆ ಜಗ್ಗುತ್ತದೆ, ಬಿರುಕು ಬರುವುದು ಮೇಲ್ಭಾಗದಲ್ಲಿ. ಅಲ್ಲಿ ಸರಳು ಮೇಲೇ ಇರಬೇಕು, ಒಳಗಿನ ಸ್ಲ್ಯಾಬಿನೊಳಕ್ಕೂ ಸಾಕಷ್ಟು ಹೋಗಿರಬೇಕು.

ಸರಳು ಬಂದಾಗ ಮೈಮೇಲಿನ ಅಚ್ಚು ಓದಿ, ತೂಗಿ ನೋಡಿ. ಮಿಲಿಮೀಟರ್ ಲೆಕ್ಕದ ದಪ್ಪವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋದಲ್ಲಿ ಸಿಗುತ್ತದೆ. 10 ಮಿ.ಮೀ. ಸರಳು ಮೀಟರಿಗೆ ಸುಮಾರು 0.617 ಕಿಲೋ ತೂಗಬೇಕು. ತೆಳು ಕಂದು ತುಕ್ಕಿಗೆ ಹೆದರಬೇಡಿ. ಪದರ ಪದರ ಉದುರುವ ತುಕ್ಕು, ಎಣ್ಣೆ, ಮಣ್ಣು ಇದ್ದರೆ ತೆಗೆಸಿ.

ಸೆಂಟ್ರಿಂಗ್ (ಕಾಂಕ್ರೀಟ್ ಹಿಡಿದಿಡುವ ತಾತ್ಕಾಲಿಕ ಹಲಗೆ) ಮೇಲೆ ಮೊದಲು ಮುಖ್ಯ ಸರಳು, ಅದರ ಮೇಲೆ ಅಡ್ಡ ಸರಳು ಹಾಸಿ ಬೈಂಡಿಂಗ್ ವೈರಿನಿಂದ ಬಿಗಿಯಾಗಿ ಕಟ್ಟುತ್ತಾರೆ. ಟೇಪ್ ಹಿಡಿದು ಅಂತರ ಅಳೆಯಿರಿ. ಎರಡು ಸರಳುಗಳ ಜೋಡು ಬರುವಲ್ಲಿ ಒಂದರ ಪಕ್ಕ ಒಂದನ್ನು ಸುಮ್ನೆ ಒಂದಡಿ ಸೇರಿಸಿದರೆ ಸಾಲದು. 12 ಮಿ.ಮೀ. ಸರಳಿಗೆ ಎರಡಡಿಗಿಂತ ಜಾಸ್ತಿಯೇ ಬೇಕಾಗುತ್ತದೆ. ಎಲ್ಲ ಜೋಡುಗಳೂ ಒಂದೇ ಸಾಲಿಗೆ ಬರಬಾರದು.

ಇನ್ನು ಕವರ್ ಬ್ಲಾಕ್, ಅಂದರೆ ಸರಳು ಸೆಂಟ್ರಿಂಗಿಗೆ ತಾಗದಂತೆ ಇಡುವ ಬಿಲ್ಲೆ. ಖಡಿ ಚೂರು, ಇಟ್ಟಿಗೆ ತುಂಡು ತೂರಿಸಿ ಮುಗಿಸಲು ಬಿಡಲೇಬೇಡಿ, ಕಾಂಕ್ರೀಟ್ ಬೀಳುವಾಗ ಅವು ಜಾರುತ್ತವೆ. ಸ್ಲ್ಯಾಬಿಗೆ ಸಾಮಾನ್ಯವಾಗಿ 20, ಕಾಲಮ್ಮಿಗೆ 40, ಫೂಟಿಂಗಿಗೆ (ಕಾಲಮ್ಮಿನಡಿಯ ಪಾಯ) 50 ಮಿ.ಮೀ. ಕವರ್, ಅಂದರೆ ಸರಳಿನ ಹೊರಗಿನ ಕಾಂಕ್ರೀಟ್ ದಪ್ಪ, ಇರಬೇಕು. ನಮ್ಮ ಎರಿ ಮಣ್ಣು ಮಳೆನೀರನ್ನು ಬಹಳ ದಿನ ಹಿಡಿದಿಡುತ್ತದೆ, ಫೂಟಿಂಗಿನಲ್ಲಂತೂ ಈ ಅಳತೆ ತಪ್ಪಬಾರದು.

ಕಾಂಕ್ರೀಟ್ ಹಾಕುವ ದಿನ ಸಜ್ಜಾದ ಹತ್ತಿರವೇ ನಿಲ್ಲಿ. ಬುಟ್ಟಿ ಹೊತ್ತವರು ಓಡಾಡುವಾಗ ಮೇಲಿನ ಸರಳು ತುಳಿತಕ್ಕೆ ಸಿಕ್ಕಿ ಕೆಳಗೆ ಕೂರುತ್ತದೆ. ಕೂತರೆ ಆ ಕಬ್ಬಿಣ ಇದ್ದೂ ಇಲ್ಲದಂತೆ. ಸರಳಿನಡಿ ಚೇರ್ (ಸರಳನ್ನು ಮೇಲೆ ಎತ್ತಿ ಹಿಡಿಯುವ ಕಬ್ಬಿಣದ ಊರುಗಾಲು) ಇಡಿಸಿ, ನಡೆಯಲು ಹಲಗೆ ಹಾಕಿಸಿ. ತಗ್ಗಿದ್ದು ಕಂಡರೆ ಆಗಲೇ ಗೌಂಡಿಗೆ ಹೇಳಿ ಎತ್ತಿಸಿ.

ಮರುದಿನದಿಂದ ಸ್ಲ್ಯಾಬಿನ ಮೇಲೆ ನೀರು ನಿಂತಿರುವಂತೆ ನೋಡಿಕೊಳ್ಳಿ. ಗದಗಿನ ಬೇಸಿಗೆಯಲ್ಲಾದರೆ 14 ದಿನ ತಪ್ಪಿಸಬೇಡಿ. ಸಜ್ಜಾ ಕೆಳಗಿನ ಆಸರೆಗಳನ್ನು ಎಂಜಿನಿಯರ್ ಹೇಳುವ ತನಕ ಮುಟ್ಟಬೇಡಿ. ಬಿಚ್ಚುವಾಗ ತುದಿಯಿಂದ ಗೋಡೆಯ ಕಡೆಗೆ ಬಿಚ್ಚಿಸಿ.