ಪ್ಲಾಸ್ಮಾ ಕಾಯಿಸುವ ಮೈಕ್ರೋವೇವ್ ಎಲ್ಲಿ ಒಡೆಯಬಹುದೆಂದು ಲೆಕ್ಕಹಾಕುವ ಬಗೆ

ಪ್ಲಾಸ್ಮಾವನ್ನು ಕಾಯಿಸಲು ಕಳಿಸಿದ ಮೈಕ್ರೋವೇವ್ ಅಲೆ ಕೆಲವೊಮ್ಮೆ ಅದರೊಳಗೆ ಎರಡು ಮರಿ ಅಲೆಗಳಾಗಿ ಒಡೆಯುತ್ತದೆ. ಪ್ಲಾಸ್ಮಾವನ್ನು ಕಾಂತಕ್ಷೇತ್ರದಲ್ಲಿ ಹಿಡಿದಿಡುವ ಆದಿತ್ಯ ಟೊಕಾಮಾಕ್ ಯಂತ್ರ ಇರುವುದು ಗಾಂಧಿನಗರದಲ್ಲಾದರೂ, ಈ ಒಡೆತ ಎಲ್ಲಾಗಬಹುದೆಂಬ ಲೆಕ್ಕವನ್ನು ಬೆಂಗಳೂರಿನ ಹಾಸ್ಟೆಲ್ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡೇ ಮಾಡಬಹುದು.

ಮೊದಲು ಕಾಂತಕ್ಷೇತ್ರದಿಂದ ಎಲೆಕ್ಟ್ರಾನ್ ಸೈಕ್ಲೋಟ್ರಾನ್ ಆವರ್ತನವನ್ನು, ಅಂದರೆ ಎಲೆಕ್ಟ್ರಾನ್ ಕಾಂತರೇಖೆಯ ಸುತ್ತ ಸೆಕೆಂಡಿಗೆ ಎಷ್ಟು ಸಲ ಸುತ್ತುತ್ತದೆಂಬುದನ್ನು ಪಡೆಯಿರಿ. ಅದು ಪ್ರತಿ ಟೆಸ್ಲಾಗೆ ಸುಮಾರು 28 ಗಿಗಾಹರ್ಟ್ಸ್. ಜರ್ಮನಿಯ ವೆಂಡೆಲ್‌ಸ್ಟೈನ್ 7-ಎಕ್ಸ್ ಯಂತ್ರದಲ್ಲಿ ಮೈಕ್ರೋವೇವ್ ಹುಟ್ಟಿಸುವ ಸಾಧನವಾದ ಗೈರೊಟ್ರಾನ್‌ನ 140 ಗಿಗಾಹರ್ಟ್ಸ್ ಅಲೆಯನ್ನು 2.5 ಟೆಸ್ಲಾ ಕ್ಷೇತ್ರದ ಎರಡನೇ ಹಾರ್ಮೋನಿಕ್ (ಸೈಕ್ಲೋಟ್ರಾನ್ ಆವರ್ತನದ ಎರಡು ಪಟ್ಟು) ಹೀರಿಕೊಳ್ಳುವುದು ಇದೇ ಲೆಕ್ಕದಿಂದ.

ಅನಂತರ ಎಲೆಕ್ಟ್ರಾನ್ ಸಾಂದ್ರತೆಯಿಂದ ಪ್ಲಾಸ್ಮಾ ಆವರ್ತನವನ್ನು (ಎಲೆಕ್ಟ್ರಾನ್‌ಗಳು ಒಟ್ಟಾಗಿ ತೂಗಾಡುವ ಸಹಜ ಆವರ್ತನ) ಕಂಡುಹಿಡಿದು, ಎರಡೂ ಆವರ್ತನಗಳ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆಯಿರಿ. ದೊರೆಯುವುದು ಅಪ್ಪರ್ ಹೈಬ್ರಿಡ್ ಆವರ್ತನ. ಒಡೆದ ಅಲೆಯ ಆವರ್ತನ ಎರಡು ಮರಿ ಅಲೆಗಳಿಗೆ ಹೆಚ್ಚುಕಡಿಮೆ ಅರ್ಧರ್ಧ ಹಂಚಿಹೋಗುವುದರಿಂದ, ಅದು 140ರ ಅರ್ಧದಷ್ಟು, ಅಂದರೆ 70ರ ಸಮೀಪ ಇರುವ ಜಾಗವೇ ಸಂಶಯಾಸ್ಪದ. ಉದಾಹರಣೆಗೆ 2.4 ಟೆಸ್ಲಾದಲ್ಲಿ ಸೈಕ್ಲೋಟ್ರಾನ್ ಆವರ್ತನ 67.2 ಆಗುವುದರಿಂದ, ಪ್ಲಾಸ್ಮಾ ಆವರ್ತನ 19.6 ಇದ್ದರೆ, ಅಂದರೆ ಘನಮೀಟರಿಗೆ ಸುಮಾರು 4.8 × 10¹⁸ ಎಲೆಕ್ಟ್ರಾನ್‌ಗಳಿದ್ದರೆ, ಷರತ್ತು ಪೂರೈಸುತ್ತದೆ.

ಆದರೆ ಆವರ್ತನ ಹೊಂದಿದ ಮಾತ್ರಕ್ಕೆ ಅಸ್ಥಿರತೆ, ಅಂದರೆ ಈ ಒಡೆತ, ಹುಟ್ಟುವುದಿಲ್ಲ. ಸಾಂದ್ರತೆ ಒಂದೇ ಸಮನೆ ಇಳಿಯುವಲ್ಲಿ ಮರಿ ಅಲೆಗಳು ಶಕ್ತಿ ಪಡೆಯುವ ಮೊದಲೇ ಜಾರಿಹೋಗುತ್ತವೆ. ಕಾಂತೀಯ ದ್ವೀಪದ (ಕಾಂತರೇಖೆಗಳು ತಮ್ಮಷ್ಟಕ್ಕೇ ಸುತ್ತಿಕೊಂಡ ಪುಟ್ಟ ಭಾಗದ) ನಡುವೆ ಸಾಂದ್ರತೆ ಗುಡ್ಡದಂತೆ ಉಬ್ಬಿದ್ದರೆ ಅವು ಅಲ್ಲೇ ಸಿಕ್ಕಿಬಿದ್ದು ಬೆಳೆಯುತ್ತವೆ, ಒಡೆತಕ್ಕೆ ಬೇಕಾದ ಕನಿಷ್ಠ ಶಕ್ತಿಯೂ ಬಹಳ ತಗ್ಗುತ್ತದೆ. ಆದ್ದರಿಂದ ನುಣುಪುಗೊಳಿಸಿದ ಸಾಂದ್ರತಾ ರೇಖೆಯನ್ನು ನಂಬಬೇಡಿ. ನನ್ನ ಅಭಿಪ್ರಾಯದಲ್ಲಿ ಅಸಲಿ ಸಂಗತಿ ಆ ನುಣುಪಿನಲ್ಲೇ ಅಳಿಸಿಹೋಗಿರುತ್ತದೆ.

ಕೊನೆಗೆ ಪ್ಲಾಸ್ಮಾದಿಂದ ಹೊರಬರುವ ಮೈಕ್ರೋವೇವ್ ಹಿಡಿಯುವ ರಿಸೀವರ್‌ನ ರೋಹಿತವನ್ನು ನೋಡಿ. ಮರಿ ಅಲೆಗಳೆರಡರ ಆವರ್ತನಗಳ ಮೊತ್ತ 140 ಆಗಲೇಬೇಕಾದ ಕಾರಣ, 70ರ ಎರಡೂ ಬದಿಗೆ ಸಮದೂರದಲ್ಲಿ ಜೋಡಿ ಶಿಖರಗಳಿವೆಯೇ, ಗೈರೊಟ್ರಾನ್ ನಿಲ್ಲಿಸಿದೊಡನೆ ಅವು ಮಾಯವಾಗುತ್ತವೆಯೇ ಎಂದು ಪರೀಕ್ಷಿಸಿ.